ಆಫ್ ಮಾಡಿದ ಮೇಲೆ ಏಳದ ಡ್ರೈವ್: ಪವರ್ ಸಪ್ಲೈನ ಸ್ಟಾರ್ಟಿಂಗ್ ಭಾಗದ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಮೋಟಾರ್ ಡ್ರೈವ್ ರಿಪೇರಿ ಮಾಡುವವರ ಬಳಿಗೆ ಬರುವ ದೂರುಗಳಲ್ಲಿ ಒಂದಕ್ಕೆ ಖಾಯಂ ಧಾಟಿಯಿದೆ. ಡ್ರೈವ್ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದೆ. ಆಯುಧಪೂಜೆಯ ರಜೆಗೆಂದು ಮೇನ್ ಆಫ್ ಮಾಡಿದ್ದಾರೆ. ರಜೆ ಮುಗಿಸಿ ಆನ್ ಮಾಡಿದರೆ ಡಿಸ್‌ಪ್ಲೇ ಇಲ್ಲ, ಫ್ಯಾನ್ ತಿರುಗುತ್ತಿಲ್ಲ. ಕರೆಂಟು ಬರುವಾಗ ವೋಲ್ಟೇಜ್ ಏರಿ ಸುಟ್ಟಿತು ಎಂದು ಅಲ್ಲೇ ತೀರ್ಮಾನವಾಗುತ್ತದೆ, ಬೋರ್ಡು ಗುಜರಿ ಸೇರುತ್ತದೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಂಥ ಬೋರ್ಡುಗಳಲ್ಲಿ ದೋಷ ಹುಟ್ಟಿರುವುದು ಹೆಚ್ಚಾಗಿ ಮೇನ್ ಆಫ್ ಮಾಡುವ ಎಷ್ಟೋ ಮೊದಲು. ಡ್ರೈವ್ ಓಡುತ್ತಿರುವಷ್ಟು ದಿನ ಅದು ಕಾಣಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಕಾರಣ ಮಂಡಲದಲ್ಲೇ ಇದೆ. 415 ವೋಲ್ಟಿನ ತ್ರೀ ಫೇಸ್ ಸಪ್ಲೈ ರೆಕ್ಟಿಫೈಯರ್ ದಾಟಿದ ಮೇಲೆ ಡಿಸಿ ಬಸ್ಸಿನಲ್ಲಿ ಸುಮಾರು 587 ವೋಲ್ಟ್ ಆಗುತ್ತದೆ. ಕಂಟ್ರೋಲ್ ಕಾರ್ಡಿಗೆ 5 ವೋಲ್ಟ್, ಫ್ಯಾನಿಗೆ 24 ವೋಲ್ಟ್, ಐಜಿಬಿಟಿ ಗೇಟುಗಳಿಗೆ ಬೇರೆ ಬೇರೆ ಸಪ್ಲೈ, ಎಲ್ಲವನ್ನೂ ಈ ಬಸ್ಸಿನಿಂದಲೇ ಒಂದು ಚಿಕ್ಕ ಫ್ಲೈಬ್ಯಾಕ್ ಎಸ್‌ಎಂಪಿಎಸ್ ಮಾಡಿಕೊಡುತ್ತದೆ. ಹಳೆಯ ಡ್ರೈವುಗಳಲ್ಲಿ ಇದನ್ನು ನಡೆಸುವ ಐಸಿ ಬಹುಪಾಲು ಯೂನಿಟ್ರೋಡ್ ಕಂಪನಿ ರೂಪಿಸಿದ ಯುಸಿ3842 ಅಥವಾ ಯುಸಿ3844. ಎಂಟು ಕಾಲಿನ ಈ ಐಸಿಯ 7ನೇ ಪಿನ್ನು, ಅಂದರೆ ವಿಸಿಸಿ, 16 ವೋಲ್ಟ್ ಮುಟ್ಟುವವರೆಗೆ ಅದು ಏಳುವುದಿಲ್ಲ. ಎದ್ದ ಮೇಲೆ 10 ವೋಲ್ಟಿಗಿಂತ ಕೆಳಗಿಳಿದರೆ ಕೆಲಸ ನಿಲ್ಲಿಸುತ್ತದೆ. ಏಳುವ ಮುನ್ನ ಅದಕ್ಕೆ ಬೇಕಾದದ್ದು 1 ಮಿಲಿಆಂಪಿಯರ್‌ಗಿಂತ ಕಡಿಮೆ. ಎದ್ದ ಮೇಲೆ 11ರ ಆಸುಪಾಸು, ಮಾಸ್‌ಫೆಟ್ ಗೇಟನ್ನು ನಡೆಸುವ ಕರೆಂಟು ಇದರ ಮೇಲೆ.

ಆ ಮೊದಲ ಚೂರು ಕರೆಂಟನ್ನು ಬಸ್ಸಿನಿಂದ ತರುವುದು ಸಾಲಾಗಿ ಜೋಡಿಸಿದ ಎರಡು ಮೂರು ಸ್ಟಾರ್ಟಿಂಗ್ ರೆಸಿಸ್ಟರುಗಳು. ಅದನ್ನು ಕೂಡಿಡುವುದು ಐಸಿಯ ಪಕ್ಕದ ಒಂದು ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಸಪ್ಲೈ ಒಮ್ಮೆ ಎದ್ದರೆ ಟ್ರಾನ್ಸ್‌ಫಾರ್ಮರಿನ ಸಹಾಯಕ ವೈಂಡಿಂಗೇ ಐಸಿಯನ್ನು ಸಾಕುತ್ತದೆ, ರೆಸಿಸ್ಟರುಗಳಿಗೆ ಹೇಳಿಕೊಳ್ಳುವ ಕೆಲಸ ಉಳಿಯುವುದಿಲ್ಲ. ಓಡುತ್ತಿರುವ ಬೈಕಿನ ಕಿಕ್ಕರ್ ಮುರಿದಿದ್ದರೂ ನಿಲ್ಲಿಸುವವರೆಗೆ ಗೊತ್ತಾಗದು. ಇಲ್ಲಿನ ಕಥೆಯೂ ಅದೇ.

ಲೆಕ್ಕಕ್ಕೆಂದು 100 ಕಿಲೋಓಮ್‌ನ ಮೂರು ರೆಸಿಸ್ಟರು, 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುವ ಮಂಡಲವನ್ನು ತೆಗೆದುಕೊಳ್ಳೋಣ. 16 ವೋಲ್ಟಿನ ಹತ್ತಿರ ಸಾಲಿನಲ್ಲಿ ಹರಿಯುವುದು 1.9 ಮಿಲಿಆಂಪಿಯರ್. ಐಸಿ ಅರ್ಧ ಮಿಲಿಆಂಪಿಯರ್ ತಿಂದರೂ ಅರ್ಧ ಸೆಕೆಂಡಿನ ಸುಮಾರಿಗೆ ಸಪ್ಲೈ ಏಳುತ್ತದೆ. ಪ್ರತಿ ರೆಸಿಸ್ಟರಿನ ಮೇಲೆ ಹಗಲಿರುಳು 190 ವೋಲ್ಟ್ ಕೂತಿರುತ್ತದೆ, ಒಂದೊಂದರಲ್ಲೂ ವಾಟಿನ ಮೂರನೇ ಒಂದು ಭಾಗದಷ್ಟು ಶಾಖ. ವರ್ಷಗಳಲ್ಲಿ ಅವುಗಳ ಬೆಲೆ ಮೇಲೇರುತ್ತದೆ. ಒಟ್ಟು 300 ಕಿಲೋಓಮ್ 900 ಆಯಿತೆನ್ನಿ: ಬರುವುದು 0.63 ಮಿಲಿಆಂಪಿಯರ್ ಮಾತ್ರ. ಐಸಿಯ ಪಾಲು, ಹಳೆಯ ಕೆಪಾಸಿಟರಿನ ಸೋರಿಕೆ ಎರಡೂ ಕಳೆದರೆ 16 ಮುಟ್ಟುವುದು ಅನುಮಾನ.

ಕೆಪಾಸಿಟರಿನ ಸಾವು ಇನ್ನೊಂದು ಬಗೆಯದು. 47 ಮೈಕ್ರೋಫ್ಯಾರಡ್ ಸರಿಯಾಗಿದ್ದರೆ 16ರಿಂದ 10ಕ್ಕೆ ಇಳಿಯುವಷ್ಟರಲ್ಲಿ 15 ಮಿಲಿಆಂಪಿಯರನ್ನು ಸುಮಾರು 19 ಮಿಲಿಸೆಕೆಂಡ್ ಕೊಡಬಲ್ಲದು, ಅಷ್ಟರಲ್ಲಿ ಸಹಾಯಕ ವೈಂಡಿಂಗ್ ಕೈಹಿಡಿಯುತ್ತದೆ. ಒಳಗಿನ ದ್ರವ ಒಣಗಿ 2 ಮೈಕ್ರೋಫ್ಯಾರಡ್ ಉಳಿದಿದ್ದರೆ ಸಿಗುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದ ಕೆಪಾಸಿಟರ್, ಉಷ್ಣತೆ 10 ಡಿಗ್ರಿ ಇಳಿದಂತೆಲ್ಲ ಆಯುಷ್ಯ ಇಮ್ಮಡಿ ಎಂಬ ರೂಢಿಯ ಲೆಕ್ಕದಲ್ಲಿ, 75 ಡಿಗ್ರಿಯಲ್ಲಿ 16,000 ಗಂಟೆ ಬಾಳುತ್ತದೆ. ಬಿಡುವಿಲ್ಲದೆ ಓಡಿದರೆ ಎರಡು ವರ್ಷವೂ ಇಲ್ಲ. ಇಂಥ ಭಾಗವನ್ನು ಬಿಸಿಯಾದ ರೆಸಿಸ್ಟರುಗಳ ಮಗ್ಗುಲಲ್ಲೇ ಕೂರಿಸಿರುವ ಬೋರ್ಡುಗಳನ್ನು ನೋಡಿದಾಗ ಬೇಸರವಾಗುತ್ತದೆ.

ಅಳೆಯುವ ಮೊದಲು ಜೀವದ ಮಾತು. ಬಸ್ಸಿನಲ್ಲಿ 1000 ಮೈಕ್ರೋಫ್ಯಾರಡ್ ಇದ್ದರೆ 587 ವೋಲ್ಟಿನಲ್ಲಿ 170 ಜೂಲಿಗೂ ಹೆಚ್ಚು ಶಕ್ತಿ ನಿಂತಿರುತ್ತದೆ. ಡಿಸ್‌ಪ್ಲೇ ಸತ್ತಿರುವ ಡ್ರೈವಿನಲ್ಲಿ ಅಪಾಯ ಇನ್ನೂ ಹೆಚ್ಚು: ಎಸ್‌ಎಂಪಿಎಸ್ ಕೆಲಸ ಮಾಡುತ್ತಿಲ್ಲವಾದ್ದರಿಂದ ಬಸ್ಸನ್ನು ಬರಿದು ಮಾಡುವ ಹೊರೆಯೂ ಇಲ್ಲ. ಡ್ರೈವಿನ ಮೇಲೆ ಬರೆದ ಅವಧಿ ಕಾದ ಮೇಲೂ ಪ್ಲಸ್ ಮೈನಸ್ ಟರ್ಮಿನಲ್ಲುಗಳನ್ನು ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಬಸ್ಸಿನ ಮೈನಸ್ ಎಂದರೆ ಅರ್ಥ್ ಅಲ್ಲ. ಆಸಿಲೋಸ್ಕೋಪಿನ ಅರ್ಥ್ ಕ್ಲಿಪ್ಪನ್ನು ಅಲ್ಲಿಗೆ ಸಿಕ್ಕಿಸಿದರೆ ನೇರ ಶಾರ್ಟ್. ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ, ಅಥವಾ ಡ್ರೈವಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೊಡದೆ, ಸ್ಕೋಪ್ ಮುಟ್ಟಬಾರದು.

ಮಾಸ್‌ಫೆಟ್ ಶಾರ್ಟ್ ಆಗಿಲ್ಲ, ಅದರ ಸೋರ್ಸ್ ರೆಸಿಸ್ಟರ್ ಓಪನ್ ಆಗಿಲ್ಲ ಎಂದು ಖಚಿತವಾದ ಮೇಲೆ 5ನೇ ಮತ್ತು 7ನೇ ಪಿನ್ನುಗಳ ನಡುವಿನ ವೋಲ್ಟೇಜು ಹೆಚ್ಚಿನ ಸಂಗತಿ ಹೇಳಿಬಿಡುತ್ತದೆ. ಸೊನ್ನೆ ಇದ್ದರೆ ರೆಸಿಸ್ಟರ್ ಸಾಲು ಕಡಿದಿದೆ, ಇಲ್ಲವೇ ವಿಸಿಸಿಯೇ ಶಾರ್ಟ್. 16ಕ್ಕಿಂತ ಕೆಳಗೆ ಅಲುಗಾಡದೆ ನಿಂತು, 8ನೇ ಪಿನ್ನಿನಲ್ಲಿ 5 ವೋಲ್ಟ್ ಇಲ್ಲದಿದ್ದರೆ ರೆಸಿಸ್ಟರಿನ ಬೆಲೆ ಏರಿದೆ ಅಥವಾ ಎಲ್ಲೋ ಸೋರಿಕೆಯಿದೆ. 10 ಮತ್ತು 16ರ ನಡುವೆ ಏರಿಳಿಯುತ್ತಿದ್ದರೆ ಐಸಿ ಏಳುತ್ತಿದೆ, ನಿಲ್ಲಲಾಗುತ್ತಿಲ್ಲ.

ಈ ಕೊನೆಯ ಸ್ಥಿತಿಯನ್ನೇ ಜನ ತಪ್ಪಾಗಿ ಓದುವುದು. ಫ್ಯಾನ್ ಅಥವಾ ಸೆಕೆಂಡರಿಯ ಡಯೋಡು ಶಾರ್ಟ್ ಆಗಿದ್ದರೂ ವೋಲ್ಟೇಜು ಹೀಗೇ ಏರಿಳಿಯುತ್ತದೆ, ಸಹಾಯಕ ವೈಂಡಿಂಗಿನ ಡಯೋಡು ಕಡಿದಿದ್ದರೂ ಅಷ್ಟೇ. ಆದರೆ ಅಲ್ಲಿ ಕೆಪಾಸಿಟರ್ ಗಟ್ಟಿ. 10ರಿಂದ 16ಕ್ಕೆ ತುಂಬಲು 0.2 ಸೆಕೆಂಡ್ ಬೇಕು, ಸೆಕೆಂಡಿಗೆ ನಾಲ್ಕೈದು ಸಲ ಟಿಕ್ ಟಿಕ್ ಸದ್ದು. 2 ಮೈಕ್ರೋಫ್ಯಾರಡ್‌ಗೆ ಇಳಿದ ಕೆಪಾಸಿಟರಿನಲ್ಲಿ ಅದೇ ಏರಿಳಿತ ಸೆಕೆಂಡಿಗೆ ನೂರರ ಆಸುಪಾಸು. ಮಲ್ಟಿಮೀಟರ್ ಇದನ್ನು ಸರಾಸರಿ ಮಾಡಿ 13 ವೋಲ್ಟ್ ಎಂದು ನೆಟ್ಟಗೆ ತೋರಿಸುತ್ತದೆ! ವಿಸಿಸಿ ಸರಿಯಿದೆ, ಐಸಿ ಹೋಗಿದೆ ಎಂದು ಐಸಿ ಬದಲಿಸಿದರೆ ಏನೂ ಆಗುವುದಿಲ್ಲ. ಸ್ಕೋಪ್ ಇಲ್ಲದವರು ಬಸ್ ಪೂರ್ತಿ ಖಾಲಿಯಾದ ಮೇಲೆ ಹೊರಗಿನಿಂದ 17 ವೋಲ್ಟ್ ಕೊಟ್ಟು ನೋಡಬಹುದು: 8ನೇ ಪಿನ್ನಿನಲ್ಲಿ 5 ವೋಲ್ಟ್ ಬಂದರೆ ಐಸಿಯ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ.

ರೆಸಿಸ್ಟರುಗಳನ್ನು ಬೋರ್ಡಿನಿಂದ ಬಿಚ್ಚದೆಯೂ ಪರೀಕ್ಷಿಸಬಹುದು. ಕೆಪಾಸಿಟರುಗಳು ಬರಿದಾಗಿದ್ದರೆ ಅಕ್ಕಪಕ್ಕದ ದಾರಿಗಳು ಅಳತೆಯನ್ನು ತಗ್ಗಿಸಬಲ್ಲವೇ ಹೊರತು ಹೆಚ್ಚಿಸಲಾರವು. ಮೈಮೇಲಿನ ಪಟ್ಟಿಗಿಂತ ಹೆಚ್ಚು ತೋರಿದ ರೆಸಿಸ್ಟರ್ ಕೆಟ್ಟದ್ದೇ. ಬೆಂಚಿನ ಮೇಲೆ ಸಿಂಗಲ್ ಫೇಸ್ 230 ಕೊಟ್ಟು ಪರೀಕ್ಷಿಸುವವರು ಇನ್ನೊಂದನ್ನು ಗಮನಿಸಬೇಕು: ಆಗ ಬಸ್ 325 ವೋಲ್ಟ್, ಸರಿಯಿರುವ ಸಾಲಿನಲ್ಲೂ ಹರಿಯುವುದು ಬರೀ 1 ಮಿಲಿಆಂಪಿಯರ್. ಏಳದಿದ್ದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು.

ಬದಲಿಸುವಾಗ ಮೂರೂ ರೆಸಿಸ್ಟರನ್ನು ಒಟ್ಟಿಗೆ ಬದಲಿಸಬೇಕು. ಮೂರರ ಜಾಗಕ್ಕೆ 300 ಕಿಲೋಓಮ್‌ನ ಒಂದನ್ನೇ ಹಾಕಿದರೆ 570 ವೋಲ್ಟ್ ಪೂರಾ ಅದರ ಮೇಲೇ ಬೀಳುತ್ತದೆ. ಸಾಮಾನ್ಯ ರೆಸಿಸ್ಟರ್ ಅದಕ್ಕೆ ತಕ್ಕದ್ದಲ್ಲ. ಕೆಪಾಸಿಟರ್ 105 ಡಿಗ್ರಿಯದು, ಹೆಚ್ಚು ಗಂಟೆ ಬಾಳುವಂಥದು, ಅದೇ ಬೆಲೆಯದು. ಗಟ್ಟಿಯಿರಲಿ ಎಂದು 470 ಹಾಕಿದರೆ ಡ್ರೈವ್ ಏಳಲು ಐದು ಸೆಕೆಂಡ್ ದಾಟುತ್ತದೆ, ಆನ್ ಮಾಡಿದವರು ಮತ್ತೆ ಸತ್ತಿದೆಯೆಂದು ಮೇನ್ ಎಳೆಯುತ್ತಾರೆ. ರಿಪೇರಿಯಾದ ಬೋರ್ಡನ್ನು ಓಡಿಸಿ, ಆಫ್ ಮಾಡಿ, ಪೂರ್ತಿ ಆರಲು ಬಿಟ್ಟು ಮತ್ತೆ ಆನ್ ಮಾಡಿ, ಡಿಸ್‌ಪ್ಲೇ ಬರಲು ಎಷ್ಟು ಹೊತ್ತಾಯಿತೆಂದು ಪ್ಯಾನಲ್ ಬಾಗಿಲಿನ ಒಳಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡುವುದು ಒಳ್ಳೆಯದು. ಮುಂದಿನ ವರ್ಷ ಆ ಹೊತ್ತು ಇಮ್ಮಡಿಯಾಗಿದ್ದರೆ, ಡ್ರೈವ್ ಓಡುತ್ತಿರುವಾಗಲೇ ರೆಸಿಸ್ಟರ್ ತರಿಸಿಟ್ಟುಕೊಳ್ಳಬಹುದು.