ಕೆರೆಯ ನೀರು ಮತ್ತು ನೀರುಗಂಟಿಯ ಪಾಲು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಗಳೇ ಜೀವಾಧಾರ. ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಬಹುಮಟ್ಟಿಗೆ ಈತ ದಲಿತ ಕುಟುಂಬದವನು. ಸುಗ್ಗಿಯ ಧಾನ್ಯವೇ ಅವನ ಸಂಭಾವನೆ. ಊರಿಗೆಲ್ಲ ನ್ಯಾಯವಾಗಿ ನೀರು ಹಂಚುವ ಹೊಣೆ ಅವನದಾಗಿತ್ತು; ಮೇಲ್ಜಾತಿಯವರ ಬಾವಿಯಲ್ಲಿ ನೀರು ಸೇದುವ ಹಕ್ಕು ಮಾತ್ರ ಇರಲಿಲ್ಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. ಹುಟ್ಟಿಗೆ ಅಂಟಿದ ಊಳಿಗ ಅಳಿದುದು ಉಚಿತವೇ. ಆದರೆ ನೀರಿನ ಸಮಪಾಲನ್ನು ಕಾಯುವ ಬೇರೊಂದು ಏರ್ಪಾಡು ನೆಲೆಗೊಳ್ಳಲಿಲ್ಲ. ಮುಂದೆ ಕೊಳವೆಬಾವಿಗಳು ಬಂದವು. ಹಣವುಳ್ಳವನು ಆಳಕ್ಕೆ ಕೊರೆದನು. ಬಡವನ ತೆರೆದ ಬಾವಿ ಬತ್ತಿತು.

2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳಲ್ಲಿ ಮಹಿಳೆಯರಿಗೂ ಭೂರಹಿತರಿಗೂ ಸ್ಥಾನ ನೀಡಬಯಸಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರ ಕೆರೆಯನ್ನು ಸೇರಿತು. ಅದರ ಉದ್ದೇಶ ಅಂತರ್ಜಲದ ಮರುಪೂರಣ. ಆದರೆ ಅಂತರ್ಜಲವು ಮೊದಲು ಒದಗುವುದು ಕೊಳವೆಬಾವಿಯುಳ್ಳವನಿಗೆ. ಭೂಮಿಯಿಲ್ಲದ ನೀರುಗಂಟಿಯ ಮಕ್ಕಳಿಗೆ ಅದರಲ್ಲಿ ಪಾಲೆಷ್ಟು?

ಮಳೆಯ ಕ್ರಮವೇ ತಪ್ಪುತ್ತಿರುವ ಇಂದು ಕೆರೆಯ ಹೂಳೆತ್ತುವುದು ಪುಣ್ಯಕಾರ್ಯವೇ ಸರಿ. ತುಂಬಿದ ಕೆರೆಯ ನೀರನ್ನು ಹಂಚುವ ಸಭೆಯಲ್ಲಿ, ಹಿಂದೆ ತೂಬು ಕಾದವರ ಮನೆಯವರಿಗೂ ಸಮಾನ ಆಸನವಿದ್ದಾಗಲೇ ಆ ಕಾರ್ಯ ಪೂರ್ಣವಾಗುವುದು.