ರಂಗತಂತ್ರ: ಪದವಿಯ ನಂತರದ ವೃತ್ತಿಮಾರ್ಗ

ಕಡಬ ತಾಲ್ಲೂಕಿನ ಕಾಣಿಯೂರು ಪರಿಸರದ ಯುವಜನರಿಗೆ ಯಕ್ಷಗಾನದ ಚೌಕಿಯು ಪರಿಚಿತವಾಗಿದೆ. ಅಂತಹ ನೇಪಥ್ಯ ಕಾರ್ಯಗಳು ಆಧುನಿಕ ರಂಗಭೂಮಿಯಲ್ಲಿ ಬೆಳಕು, ಧ್ವನಿ, ರಂಗಸಜ್ಜಿಕೆ, ಪ್ರಸಾಧನ ಹಾಗೂ ವಸ್ತ್ರವಿನ್ಯಾಸವೆಂಬ ಪ್ರತ್ಯೇಕ ವೃತ್ತಿಗಳಾಗಿರುತ್ತವೆ.

ಪದವೀಧರರಿಗೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭಗೊಂಡ ನೀನಾಸಮ್ ರಂಗಶಿಕ್ಷಣ ಕೇಂದ್ರವು ಕನ್ನಡದಲ್ಲಿಯೇ ತರಬೇತಿ ನೀಡುತ್ತದೆ. 1959ರಲ್ಲಿ ಸ್ಥಾಪಿತವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ 3 ವರ್ಷಗಳ ಶಿಕ್ಷಣಕ್ಕೆ ಪದವಿಯೊಂದಿಗೆ ರಂಗಾನುಭವವೂ ಅಗತ್ಯ. ಬಂಟ್ವಾಳ ತಾಲ್ಲೂಕಿನ ಮಂಚಿಯವರಾದ ಬಿ.ವಿ. ಕಾರಂತರು ಈ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರಾದರು.

ಈ ಕ್ಷೇತ್ರದಲ್ಲಿ ಮಾಸಿಕ ವೇತನದ ಹುದ್ದೆಗಳು ವಿರಳ. ಬಹುಪಾಲು ಸಂಭಾವನೆಯು ಪ್ರದರ್ಶನಗಳನ್ನು ಅವಲಂಬಿಸಿರುತ್ತದೆ. ಆದುದರಿಂದ ಆಸಕ್ತರು ಕಾಲೇಜು ನಾಟಕಗಳಲ್ಲಿಯೇ ನೇಪಥ್ಯದ ಹೊಣೆ ವಹಿಸಿ, ವಿದ್ಯುತ್ ಅಥವಾ ಮರಗೆಲಸದಂತಹ ಪೂರಕ ಕೌಶಲವನ್ನೂ ರೂಢಿಸಿಕೊಳ್ಳುವುದು ಸೂಕ್ತ.