ನೆಲಕ್ಕೆ ಬೀಳದ ಸೋರಿಕೆ

ಫೋರ್‌ವೀಲ್ ಡ್ರೈವ್ ಗಾಡಿಯ ಗೇರ್‌ಬಾಕ್ಸ್ ಕೆಳಗೆ ಕೂಲೆಂಟಿನ ಹನಿ ಕಂಡರೆ ಎರಡು ಪ್ರಶ್ನೆ ಏಳುತ್ತವೆ. ಒಂದು, ಅದು ಎಲ್ಲಿಂದ ಬಂತು? ಇನ್ನೊಂದು, ಗೇರ್‌ಬಾಕ್ಸಿಗೂ ಕೂಲೆಂಟಿಗೂ ಏನು ಸಂಬಂಧ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಸಿಕ್ಕದೆ ಮೊದಲನೆಯದಕ್ಕೆ ಸರಿಯುತ್ತರ ಸಿಗುವುದಿಲ್ಲ. ಆ ಉತ್ತರ ಗಾಡಿಗಳ ಚರಿತ್ರೆಯಲ್ಲಿದೆ. ಮಹಾರಾಷ್ಟ್ರದ ಎರಡು ಊರುಗಳನ್ನು ಇಟ್ಟುಕೊಂಡೇ ಅದನ್ನು ಹೇಳಬಹುದು: ನಾಸಿಕ್ ಮತ್ತು ಔರಂಗಾಬಾದ್, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರ.

1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಆಂಡ್ ಮೊಹಮ್ಮದ್ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಕಂಪನಿ ಮಹೀಂದ್ರ ಆಂಡ್ ಮಹೀಂದ್ರ ಆಯಿತು. ನಾಸಿಕ್ ಕಾರ್ಖಾನೆ ಬಂದದ್ದು 1980ರ ದಶಕದ ಆರಂಭದಲ್ಲಿ. 2002ರ ಸ್ಕಾರ್ಪಿಯೊ ಹೊರಬಂದದ್ದು ಅಲ್ಲಿಂದಲೇ.

ಹಳೆಯ ಜೀಪಿನ ಹೊಟ್ಟೆಯಲ್ಲಿ ನೀರಿಗೂ ಎಣ್ಣೆಗೂ ಬೇರೆ ಬೇರೆ ರಾಜ್ಯ. ನೀರು ಎಂಜಿನ್, ರೇಡಿಯೇಟರ್ ಮತ್ತು ಅವೆರಡರ ನಡುವಿನ ಹೋಸುಗಳಲ್ಲಿ ಮಾತ್ರ ಓಡಾಡುತ್ತಿತ್ತು. ಗೇರ್‌ಬಾಕ್ಸ್, ಅದರ ಬೆನ್ನಿಗೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಆಕ್ಸಲ್‌ಗಳು, ಎಲ್ಲಕ್ಕೂ ದಪ್ಪ ಗೇರ್ ಆಯಿಲ್. ತಣ್ಣಗಾಗಲು ಹೊರಗಿನ ಗಾಳಿಯೇ ಸಾಕು. ಗೇರ್‌ಬಾಕ್ಸಿನ ಕೆಳಗೆ ನೀರು ಬಿದ್ದಿದ್ದರೆ ಅದು ಎಂಜಿನ್ನಿನ ಕಡೆಯಿಂದ ಇಳಿದು, ಬೆಲ್ ಹೌಸಿಂಗ್ ಹಿಡಿದು ಹಿಂದಕ್ಕೆ ಹರಿದು ಬಂದದ್ದೇ ಸೈ. ಹನಿ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಓಡುವ ಗಾಡಿಯಲ್ಲಿ ಗಾಳಿಯೂ ಅದನ್ನು ಹಿಂದಕ್ಕೇ ತಳ್ಳುತ್ತದೆ.

ಆ ಕಾಲದಲ್ಲಿ ನೀರು ಕಡಿಮೆಯಾದರೆ ಗಾಡಿಯೇ ಹೇಳುತ್ತಿತ್ತು. ಮುಂಬಯಿಯಿಂದ ನಾಸಿಕ್‌ಗೆ ಹೋಗುವವರು ಕಸಾರಾ ಘಾಟ್ ಹತ್ತಬೇಕು. ಪಕ್ಕದ ಥಳ್ ಘಾಟ್‌ನ ರೈಲು ಹಳಿಯ ಏರು 37ಕ್ಕೆ 1, ರೈಲುಗಳಿಗೇ ಹಿಂದಿನಿಂದ ತಳ್ಳುವ ಎಂಜಿನ್ ಬೇಕು. ಮೇಲೆ ಇಗತ್ಪುರಿಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಬರಿ ನೀರು ತುಂಬಿದ, ಮುಚ್ಚಳದಲ್ಲಿ ಒತ್ತಡ ನಿಲ್ಲದ ರೇಡಿಯೇಟರ್ ಇಂಥ ಏರಿನಲ್ಲಿ ಹಬೆ ಕಾರುವುದು ಸಹಜ. ಗಾಡಿ ನಿಲ್ಲಿಸಿ, ಕಾದು, ನೀರು ಹೊಯ್ದು ಹೊರಡಬೇಕು.

ಈ ತೊಂದರೆಗೆ ಪರಿಹಾರ ಎರಡು ದಾರಿಯಲ್ಲಿ ಬಂತು. ಒಂದು, ಒತ್ತಡದ ಮುಚ್ಚಳ. ಒಳಗೆ ಒಂದು ಬಾರ್ ಹೆಚ್ಚುವರಿ ಒತ್ತಡವಿದ್ದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಇನ್ನೊಂದು, ಎಥಿಲೀನ್ ಗ್ಲೈಕಾಲ್. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ವುರ್ಟ್ಸ್ ತಯಾರಿಸಿದ ಈ ದ್ರವ 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಹೆಪ್ಪುನಿರೋಧಕವಾಗಿ ಬಂತು. ಮುಂದೆ ತುಕ್ಕುನಿರೋಧಕಗಳೂ ಅದಕ್ಕೆ ಸೇರಿದವು. ಹಾಗಾಗಿ ಹಿಮ ಕಾಣದ ನಮ್ಮ ಊರುಗಳಿಗೂ ಅದು ಬೇಕಾಯಿತು. ಕೂಲಿಂಗ್ ವ್ಯವಸ್ಥೆ ಮುಚ್ಚಿಕೊಂಡಿತು. ಅದರೊಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣದಂತೆಯೂ ಆಯಿತು.

ನೀರಿನ ರಾಜ್ಯ ಗೇರ್‌ಬಾಕ್ಸಿನ ಗಡಿ ದಾಟಿದ್ದು ಆಟೊಮ್ಯಾಟಿಕ್‌ನಿಂದ. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್, 1940ರ ಮಾಡೆಲಿನ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಬಂತು. ಮುಂದೆ ಟಾರ್ಕ್ ಕನ್ವರ್ಟರ್ ವಾಡಿಕೆಯಾಯಿತು. ಅದರಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯನ್ನು ಕಡೆದು ದಾಟುತ್ತದೆ, ಕಡೆದ ಎಣ್ಣೆ ಕಾಯುತ್ತದೆ. ಆ ಬಿಸಿಯನ್ನು ಕಳೆಯಲು ರೇಡಿಯೇಟರಿನ ಒಂದು ಬದಿಯ ಟ್ಯಾಂಕಿನೊಳಗೇ ಎಣ್ಣೆಯ ಕೂಲರ್ ಇಟ್ಟರು, ಇಲ್ಲವೇ ಗೇರ್‌ಬಾಕ್ಸಿನ ಪಕ್ಕದಲ್ಲೇ ಒಂದು ಹೀಟ್ ಎಕ್ಸ್‌ಚೇಂಜರ್ ಕೂರಿಸಿದರು. ಅಲ್ಲಿ ಕೂಲೆಂಟಿಗೂ ಎಣ್ಣೆಗೂ ನಡುವೆ ಇರುವುದು ತೆಳುವಾದ ಲೋಹದ ಗೋಡೆಯೊಂದೇ.

ಹೊಸ ಗಾಡಿಗಳೆಲ್ಲ ಹೀಗೇ ಎಂದಲ್ಲ. ಸ್ಕೋಡಾ ಕಂಪನಿ ಔರಂಗಾಬಾದಿನ ಶೇಂದ್ರಾದಲ್ಲಿ ಆಕ್ಟೇವಿಯಾ ಜೋಡಣೆ ಆರಂಭಿಸಿದ್ದು 2001ರಲ್ಲಿ. ಅಲ್ಲಿಂದ 2010ರಲ್ಲಿ ಬಂದ ಯೇತಿಯಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುತ್ತಿದ್ದದ್ದು ಹಾಲ್ಡೆಕ್ಸ್ ಕಪ್ಲಿಂಗ್. ಅದಕ್ಕೆ ತನ್ನದೇ ಎಣ್ಣೆ, ನೀರಿನ ನಂಟಿಲ್ಲ. ಅದೇ ಶೇಂದ್ರಾದಲ್ಲಿ ಜೋಡಣೆಯಾದ ಆಡಿ ಕ್ಯೂ7ರ ಆಟೊಮ್ಯಾಟಿಕ್‌ನಲ್ಲಾದರೆ ಎಣ್ಣೆ ತನ್ನ ಬಿಸಿಯನ್ನು ಕೂಲೆಂಟಿಗೆ ಕೊಡುತ್ತದೆ. ಇತ್ತ ನಾಸಿಕ್‌ನಲ್ಲೂ ಜೀಪಿನ ವಂಶದ 2020ರ ಥಾರ್‌ಗೆ ಆರು ಗೇರಿನ ಆಟೊಮ್ಯಾಟಿಕ್ ಬಂತು. ಆದ್ದರಿಂದ ಪತ್ತೆಯ ಮೊದಲ ಹೆಜ್ಜೆ ಗಾಡಿಯ ಕೆಳಗೆ ತೂರುವುದಲ್ಲ. ಈ ಗಾಡಿಯ ಗೇರ್‌ಬಾಕ್ಸಿಗೆ ಕೂಲೆಂಟ್ ಹೋಗುತ್ತದೆಯೋ ಇಲ್ಲವೋ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳುವುದು.

ಎರಡನೆಯ ಹೆಜ್ಜೆ, ಬಿದ್ದದ್ದು ಏನು ಎಂದು ತಿಳಿಯುವುದು. ಬಣ್ಣ ನಂಬುವಂತಿಲ್ಲ. ಕೂಲೆಂಟಿನ ಹಸಿರು, ಕಿತ್ತಳೆ, ಗುಲಾಬಿ ಎಲ್ಲವೂ ಕಂಪನಿಗಳು ಬೆರೆಸಿದ ಬಣ್ಣ ಮಾತ್ರ, ಎಲ್ಲರಿಗೂ ಒಂದೇ ಎಂಬ ನಿಯಮವಿಲ್ಲ. ಫೋಕ್ಸ್‌ವ್ಯಾಗನ್ ಬಳಗದ ಕೂಲೆಂಟ್ ಗುಲಾಬಿ, ಆಟೊಮ್ಯಾಟಿಕ್ ಎಣ್ಣೆ ಬಹುಪಾಲು ಕೆಂಪು. ನೆಲದ ಧೂಳಿನಲ್ಲಿ ಎರಡೂ ಒಂದೇ. ಒಂದು ಬಟ್ಟಲು ನೀರಿಗೆ ಹನಿ ಬಿಟ್ಟು ನೋಡಿದರೆ ಕೂಲೆಂಟ್ ಕರಗುತ್ತದೆ, ಎಣ್ಣೆ ತೇಲುತ್ತದೆ. ಬಣ್ಣ, ಅಂಟು, ವಾಸನೆ ಯಾವುದೂ ಇಲ್ಲದಿದ್ದರೆ ಅದು ಏಸಿಯ ನೀರು, ಚಿಂತೆಯಿಲ್ಲ. ಗ್ಲೈಕಾಲ್ ಸಿಹಿ, ಆದರೆ ವಿಷ. ನಾಲಿಗೆಗೆ ಮುಟ್ಟಿಸಬಾರದು, ನಾಯಿ ಬೆಕ್ಕುಗಳಿಗೂ ಸಿಗದಂತೆ ಒರೆಸಬೇಕು.

ಇಲ್ಲಿ ಕನ್ನಡದ ಕ್ರಿಯಾಪದಗಳು ಕೆಲಸಕ್ಕೆ ಬರುತ್ತವೆ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ನಾಲ್ಕೂ ಬೇರೆ. ಬಿಸಿ ಎಂಜಿನ್ನಿನ ಮೇಲೆ ಒಸರಿದ ಕೂಲೆಂಟ್ ನೆಲ ಮುಟ್ಟುವ ಮೊದಲೇ ಆವಿಯಾಗಿ, ಉಪ್ಪುಗಟ್ಟಿದಂಥ ಕಲೆ ಮಾತ್ರ ಉಳಿಯುತ್ತದೆ. ಅದಕ್ಕೇ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ನೋಡಬೇಕು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮೈ ಸುಡುವುದು ಖಂಡಿತ. ತಣ್ಣಗಿದ್ದಾಗ ಕೈಪಂಪಿನ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಮುಳ್ಳನ್ನು ನೋಡಬೇಕು. ಮುಳ್ಳು ಇಳಿಯುತ್ತಿದ್ದು ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಸೋರಿಕೆ ಒಳಗಿದೆ.

ವಾಟರ್ ಪಂಪಿನಲ್ಲಿ ಒಂದು ಪುಟ್ಟ ರಂಧ್ರವನ್ನು ಬೇಕೆಂದೇ ಕೊರೆದಿರುತ್ತಾರೆ. ಒಳಗಿನ ಸೀಲ್ ಸವೆದರೆ ಅಲ್ಲಿಂದ ನೀರು ಒಸರಿ ಸುದ್ದಿ ಮುಟ್ಟಿಸಲಿ ಎಂದು. ಎಣ್ಣೆಯ ಕೂಲರಿಗೆ ಅಂಥ ರಂಧ್ರವಿಲ್ಲ. ಅದರ ಗೋಡೆ ಬಿರಿದರೆ ನೆಲಕ್ಕೆ ಒಂದು ಹನಿಯೂ ಬೀಳದಿರಬಹುದು. ಗಾಡಿ ಓಡುವಾಗ ಎಣ್ಣೆಯ ಒತ್ತಡ ಹೆಚ್ಚಿದ್ದರೆ ಎಣ್ಣೆ ಕೂಲೆಂಟಿಗೆ ನುಗ್ಗುತ್ತದೆ. ಎಂಜಿನ್ ಆರಿಸಿದ ಮೇಲೆ ಎಣ್ಣೆಯ ಪಂಪ್ ನಿಲ್ಲುತ್ತದೆ, ಬಿಸಿ ಕೂಲೆಂಟಿನ ಒತ್ತಡ ಮಾತ್ರ ಉಳಿದಿರುತ್ತದೆ. ಆಗ ಅದು ಗೇರ್‌ಬಾಕ್ಸಿಗೆ ಇಳಿಯುತ್ತದೆ. ಮನೆಯ ಮುಂದೆ ಸುಮ್ಮನೆ ನಿಂತಾಗಲೇ ಗಾಡಿ ಕೆಡುತ್ತಿರುತ್ತದೆ. ಗ್ಲೈಕಾಲು, ನೀರು ಎರಡೂ ಕ್ಲಚ್ ಪ್ಲೇಟಿನ ಲೈನಿಂಗ್ ಅಂಟನ್ನು ಬಿಡಿಸುತ್ತವೆ. ಗೇರ್‌ಬಾಕ್ಸಿನ ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕಿನಂತೆ ಕಂಡರೆ ಎಂಜಿನ್ ಸ್ಟಾರ್ಟ್ ಮಾಡದೆ ಗಾಡಿಯನ್ನು ಎತ್ತಿಸಿಕೊಂಡು ಹೋಗುವುದೇ ಲೇಸು. ಆ ಹೊತ್ತಿಗೆ ಸಿಕ್ಕರೆ ಕೂಲರ್ ಬದಲಿಸಿ, ಎರಡೂ ವ್ಯವಸ್ಥೆಗಳನ್ನು ತೊಳೆದು ಗೇರ್‌ಬಾಕ್ಸ್ ಉಳಿಸಿಕೊಳ್ಳುವ ಅವಕಾಶವಿದೆ. ತಡವಾದರೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು.

ಒಳಸೋರಿಕೆ ಬೇರೆ ದಾರಿಯಲ್ಲೂ ಆಗಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕೂಲೆಂಟ್ ಸಿಲಿಂಡರಿನಲ್ಲಿ ಸುಟ್ಟು ಬಿಳಿ ಹೊಗೆಯಾಗುತ್ತದೆ, ಇಲ್ಲವೇ ಎಂಜಿನ್ ಆಯಿಲ್ ಸೇರುತ್ತದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ಬಣ್ಣದ ಪರೀಕ್ಷಾ ದ್ರವದ ಮೂಲಕ ಹಾಯಿಸಿದಾಗ ಅದು ಹಳದಿಯಾದರೆ, ಉರಿದ ಅನಿಲ ಅಲ್ಲಿಗೆ ಬರುತ್ತಿದೆ ಎಂದರ್ಥ.

ಘಾಟ್ ಹತ್ತುವ ಜೀಪು ಹಬೆ ಕಾರಿ ಎಲ್ಲರೆದುರು ಮಾನ ಕಳೆಯುತ್ತಿತ್ತು, ಆದರೆ ಕಾಯಿಲೆ ಬಚ್ಚಿಡುತ್ತಿರಲಿಲ್ಲ. ಇಂದಿನ ಗಾಡಿ ಅದೇ ಏರನ್ನು ಸದ್ದಿಲ್ಲದೆ ಹತ್ತುತ್ತದೆ. ಅದಕ್ಕೆ ತೆರುವ ಬೆಲೆ ಇಷ್ಟೇ: ತಿಂಗಳಿಗೊಮ್ಮೆ, ತಣ್ಣಗಿನ ಎಂಜಿನ್ನಿನ ಮುಂದೆ ನಿಂತು, ಕೂಲೆಂಟ್ ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟ ಎಲ್ಲಿದೆ ಎಂದು ನೋಡುವುದು. ನೆಲ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ಸುಮ್ಮನೆ ಮತ್ತಷ್ಟು ಹೊಯ್ಯಬೇಡಿ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ.